ಟೇಬಲ್ಲಿನ ಅಡಿಯಲ್ಲಿ ನನ್ನ ಸೋದರಮಾವ

ಒಂದು ಮನೆತನದ ಸಂಸ್ಕಾರ ತಿಳಿಯಬೇಕಾದರೆ ಅದರ ಊಟದ ಮನೆಯನ್ನು ನೋಡಬೇಕು ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಎಂದರೆ ಬೇರೆ ಯಾರೂ ಅಲ್ಲ, ನನ್ನ ಸೋದರಮಾವ. ಅವರು ಹಾಗೆ ಹೇಳಿದ್ದು ನಮ್ಮ ಡೈನಿಂಗ್ ಟೇಬಲ್ಲಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು. ಆದ್ದರಿಂದ ಆ ಸೂಕ್ತಿಯ ಉತ್ತರಾರ್ಧ ಏನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಿವೃತ್ತರಾದವರು ಏನಾದರೂ ಹಚ್ಚಿಕೊಳ್ಳಲೇಬೇಕು, ಸರಿ. ಕೆಲವರು ಬೆಳಗಿನ ಹೊತ್ತು ಲಾಲ್‌ಬಾಗಿಗೆ ಹೋಗಿ ಗುಂಪಾಗಿ ನಗುತ್ತಾರೆ. ಕೆಲವರು ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿಯಾಗಿ ಮಿಕ್ಕವರ ನಗು ನಿಲ್ಲಿಸುತ್ತಾರೆ. ನಮ್ಮ ಮಾವ ಹಚ್ಚಿಕೊಂಡದ್ದು ಸಂದುಗಳನ್ನು. ಎರಡು ವಸ್ತುಗಳು ಎಲ್ಲಿ ಕೂಡುತ್ತವೋ ಅಲ್ಲೊಂದು ಸಂದಿರುತ್ತದೆ, ಸಂದಿದ್ದಲ್ಲಿ ಕೊಳೆ ಇರುತ್ತದೆ, ಕೊಳೆ ಇದ್ದಲ್ಲಿ ತಾವಿರಬೇಕು. ಇಷ್ಟೇ ಅವರ ಸಿದ್ಧಾಂತ. ಸಿದ್ಧಾಂತ ಅವರದು, ಸಂದುಗಳು ಮಾತ್ರ ನಮ್ಮ ಮನೆಯವು. ಅವರ ಸ್ವಂತ ಮನೆ ಮಲ್ಲೇಶ್ವರದಲ್ಲಿದೆ. ಅಲ್ಲಿ ನಮ್ಮತ್ತೆ ಇದ್ದಾರೆ, ಇಂಥದ್ದಕ್ಕೆಲ್ಲ ಅವಕಾಶವಿಲ್ಲ.

ಹೋದ ದಸರೆಯಿಂದೀಚೆಗೆ ಪ್ರತಿ ಭಾನುವಾರ ಬೆಳಗ್ಗೆ ಮೆಟ್ರೋ ಹತ್ತಿ ಬಸವನಗುಡಿಯ ನಮ್ಮ ಮನೆಗೆ ಬರತೊಡಗಿದರು. ಕೈಯಲ್ಲೊಂದು ಚೀಲ. ಅದರಲ್ಲಿ ಸವೆದ ಟೂತ್‌ಬ್ರಷ್ಷುಗಳು, ಕಿವಿಗೆ ಹಾಕುವ ಬಡ್ಸು, ಹಳೆಯ ಬನಿಯನ್ನಿನ ತುಂಡುಗಳು, ಹಿಂಡಿದ ನಿಂಬೆಹೋಳು, ನಗರ್ತಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿ ತಂದ ಕಿರುಬೆರಳಿನಷ್ಟು ಸಣ್ಣದೊಂದು ಬ್ರಷ್ಷು, ಮತ್ತು ಒಂದು ಸ್ಕ್ರೂಡ್ರೈವರ್. ಈ ಕೊನೆಯ ಆಯುಧವನ್ನು ಕಂಡು ಮೆಟ್ರೋ ನಿಲ್ದಾಣದ ತಪಾಸಣೆಯವರು ಒಮ್ಮೆ ತಡೆದರಂತೆ.

“ಏನಕ್ಕೆ ಸಾರ್ ಇದು?”

“ಟೇಬಲ್ ಬಿಚ್ಚಕ್ಕೆ.”

“ಯಾರ್ ಟೇಬಲ್ಲು?”

“ನಮ್ಮಕ್ಕಂದು.”

“ಅವ್ರು ಬರಕ್ಕೆ ಹೇಳಿದಾರಾ?”

“ಇಲ್ಲ. ಬರ್ಬೇಡ ಅಂದಿದಾರೆ.”

ಇಷ್ಟು ಸತ್ಯ ಹೇಳುವ ಮನುಷ್ಯನಿಂದ ದೇಶಕ್ಕೆ ಅಪಾಯವಿಲ್ಲವೆಂದು ಅವರು ಬಿಟ್ಟುಬಿಟ್ಟರು. ದೇಶಕ್ಕೆ ಇರಲಿಲ್ಲ ನಿಜ. ನಮಗಿತ್ತು.

ಇಲ್ಲಿ ನಮ್ಮಮ್ಮನ ವಿಷಯ ಸ್ವಲ್ಪ ಹೇಳಬೇಕು. ಅಮ್ಮನಿಗೆ ಎಪ್ಪತ್ತು ದಾಟಿದೆ. ಬೇರೆಯವರಿಗೆ ಪದವಿ, ಪ್ರಶಸ್ತಿಗಳಿರುವ ಹಾಗೆ ಅವಳಿಗೆ ಊಟದ ಮನೆ ಇದೆ. ಅಲ್ಲಿನ ಒರೆಸುವ ಬಟ್ಟೆಯನ್ನು ನನ್ನ ಹೆಂಡತಿ ಇದುವರೆಗೆ ಮುಟ್ಟಿಲ್ಲ. ಮುಟ್ಟಬೇಕೆಂಬ ಹಂಬಲವೂ ಅವಳಿಗಿಲ್ಲ. ಪ್ರತಿ ವರ್ಷ ಅವರೆಕಾಯಿಯ ಕಾಲದಲ್ಲಿ ಅಮ್ಮ ತನ್ನ ನಾದಿನಿಯರನ್ನೆಲ್ಲ ಹಿತಕಿದ ಬೇಳೆ ಸಾರಿನ ಊಟಕ್ಕೆ ಕರೆಯುವುದು ವಾಡಿಕೆ. ಹೋದ ಸಲ ಚಾಮರಾಜಪೇಟೆಯ ದೊಡ್ಡತ್ತೆ ಊಟ ಮುಗಿಸಿ ಕೈತೊಳೆದು ಬಂದವರು, “ಸಾಕು ಬಿಡೆ, ಇನ್ನೆಷ್ಟು ವರ್ಷ ಅಂತ ಒದ್ದಾಡ್ತೀಯ. ಸೊಸೆಗೆ ಬಿಟ್ಕೊಡು” ಎಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಅನ್ನುವಾಗ ಅವರ ತೋರುಬೆರಳು ಕಿಟಕಿಯ ಅಂಚಿನ ಮೇಲೆ ಓಡಾಡುತ್ತಿತ್ತು. ಅಮ್ಮ ಎಲ್ಲರೆದುರು ಘೋಷಿಸಿಬಿಟ್ಟಳು: “ನನ್ನ ಊಟದ ಮನೇಲಿ ಒಂದೇ ಒಂದು ಕಲೆ ತೋರ್ಸಿ. ಅವತ್ತೇ ಸೌಟು ಕೆಳಗಿಡ್ತೀನಿ.”

ಇಂಥ ಮಾತನ್ನು ಮರೆಯುವವರು ನಮ್ಮ ಬಂಧುಗಳಲ್ಲಿ ಇನ್ನೂ ಹುಟ್ಟಿಲ್ಲ. ಈ ವರ್ಷದ ಊಟ ಹತ್ತಿರವಾಗುತ್ತಿರುವಾಗ ಅಮ್ಮನ ಆ ಕೋಟೆಯೊಳಗೆ ಅವಳ ಸ್ವಂತ ತಮ್ಮನೇ ನುಗ್ಗಿ ಕೊಳೆ ಹುಡುಕಿದರೆ ಹೇಗಿರಬೇಕು?

“ಅಕ್ಕ, ಈ ಎರಡು ಹಲಗೆ ಸಂದಲ್ಲಿ ಏನಿದೆ ಗೊತ್ತಾ? ಎಳ್ಳು. ಯಾವ್ ಸಂಕ್ರಾಂತೀದೋ ಏನೋ.”

“ಇರ್ಲಿ ಬಿಡೋ. ಅದೇನು ನಿನ್ನ ಹತ್ರ ಅನ್ನ ಕೇಳ್ತಾ?”

“ಕುರ್ಚಿ ಅಡೀಲಿ ಪಾಯಸ ಅಂಟಿದೆ.”

“ಕುರ್ಚಿ ಅಡೀಲಿ ಕೂತ್ಕೊಂಡು ಊಟ ಮಾಡೋನು ನೀನೊಬ್ಬನೇ.”

“ಧೂಳು ಬೀಳತ್ತೆ, ನೀನು ಆಚೆ ವರಾಂಡದಲ್ಲಿ ಕೂತ್ಕೊ.”

ಅಮ್ಮ ಗೊಣಗುತ್ತ ಆಚೆ ಹೋಗುವಳು. ಒಳಗೆ ಅಗೆತ ಮುಂದುವರಿಯುವುದು. ಫ್ಯಾನಿನ ರೆಕ್ಕೆಗಳ ಬೆನ್ನು, ಸ್ವಿಚ್‌ಬೋರ್ಡಿನ ಸುತ್ತಲಿನ ಗಡಿ, ಉಪ್ಪಿನ ಡಬ್ಬಿಯ ತೂತುಗಳು, ಯಾವುದೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಂದು ಭಾನುವಾರ ಪಕ್ಕದ ಮನೆಯವರು ಮೊಮ್ಮಗನ ಮುಂಜಿಗೆ ಕರೆಯಲು ಬಂದರು. ಡೈನಿಂಗ್ ಟೇಬಲ್ಲಿನ ಮುಂದೆಯೇ ಕೂರಿಸಿ ಕಾಫಿ ಕೊಟ್ಟೆವು. ಮೊದಲ ಗುಟುಕಿಗೆ ಅವರ ಕಾಲ ಬಳಿಯಿಂದ ಗಂಭೀರವಾದ ಧ್ವನಿಯೊಂದು, “ಮುಂಜಿ ಮನೇಲೋ ಛತ್ರದಲ್ಲೋ?” ಎಂದು ವಿಚಾರಿಸಿತು. ಆಗ ಚೆಲ್ಲಿದ ಕಾಫಿ ಕುರ್ಚಿಯ ಎಲ್ಲ ಸಂದುಗಳಿಗೂ ಇಳಿಯಿತು. ಮಾವನ ಮುಖದಲ್ಲಿ ಅಂಥ ಸಂತೃಪ್ತಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನನ್ನ ಹೆಂಡತಿಗೆ ಒಂದು ಮಾತ್ರ ಅರ್ಥವಾಗಲಿಲ್ಲ. “ಅಲ್ಲಾರೀ, ಟೇಬಲ್ ಅಡಿ ಉಜ್ಜಕ್ಕೆ ಬಂದೋರು ಕಪಾಟಲ್ಲಿರೋ ಗಾಜಿನ ಲೋಟ ಎಲ್ಲ ಯಾಕೆ ಒರೆಸ್ತಾರೆ?”

“ಹುಚ್ಚಿಗೆ ಇಷ್ಟೇ ಜಾಗ ಅಂತ ಇರುತ್ತಾ?” ಎಂದೆ. ಆಗ ಅದು ಒಳ್ಳೆಯ ಉತ್ತರವೆನ್ನಿಸಿತ್ತು.

ಊಟದ ಹಿಂದಿನ ದಿನ ಶನಿವಾರ. ಮಾವ ಅವತ್ತೂ ಬಂದರು. ಅಮ್ಮ ಅವರೆಕಾಳು ಹಿತಕುವುದನ್ನು ಬಿಟ್ಟು ಬಂದು ನೋಡಿದರೆ ಟೇಬಲ್ಲಿನ ಕಾಲುಗಳು ಒಂದು ಮೂಲೆಯಲ್ಲಿ, ಹಲಗೆ ಇನ್ನೊಂದು ಮೂಲೆಯಲ್ಲಿ. ನಡುವೆ ಮಾವ, ಮಂಡಿಯೂರಿಕೊಂಡು.

“ನಾಳೆ ಅವರೆಲ್ಲ ಬರ್ತಾರೆ, ನೀನು ಇವತ್ತು ಇದನ್ನ ಬಿಚ್ಚಾಕಿದೀಯ. ನನ್ನ ಮರ್ಯಾದೆ ಕಳೀಬೇಕು ಅಂತ್ಲೇ ಬರ್ತೀಯೇನೋ? ನಾನೇನು ಕೈಲಾಗದೋಳ ಥರ ಕಾಣ್ತೀನಾ ನಿನ್ಗೆ?”

ಮಾವ ಕಾಲುಗಳನ್ನು ಮತ್ತೆ ಜೋಡಿಸಿದರು, ಸ್ಕ್ರೂ ಬಿಗಿಮಾಡಿದರು, ಹಲಗೆಯನ್ನೊಮ್ಮೆ ಒರೆಸಿ ಚೀಲ ಎತ್ತಿಕೊಂಡರು. ಅಮ್ಮ ನನ್ನನ್ನು ಒಳಗೆ ಕರೆದು, “ಇನ್ಮೇಲೆ ಇಲ್ಲಿಗೆ ಬರ್ಬೇಡ ಅಂತ ಹೇಳ್ಬಿಡು ಅವನಿಗೆ. ನಾನು ಹೇಳಿದ್ರೆ ಅಳು ಬಂದ್ಬಿಡತ್ತೆ” ಎಂದಳು. ಯಾರಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೆಟ್ರೋವರೆಗೆ ಬಿಟ್ಟುಬರುವ ನೆಪದಲ್ಲಿ ಜೊತೆಗೆ ಹೊರಟೆ. ಗಾಂಧಿಬಜಾರಿನಲ್ಲಿ ಅವರೆಕಾಯಿಯ ರಾಶಿಗಳನ್ನು ದಾಟಿಕೊಂಡು, ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಭಾಷಣವನ್ನು ಶುರುಮಾಡಿದೆ. ಅಮ್ಮನಿಗೆ ನೋವಾಗುತ್ತದೆ, ವಯಸ್ಸಾದವಳು, ನಾಳೆ ದೊಡ್ಡತ್ತೆ ಬೇರೆ ಬರುತ್ತಾರೆ, ಇತ್ಯಾದಿ. ಮಾವ ನಿಂತರು.

“ನಿಮ್ಮ ದೊಡ್ಡತ್ತೆ ಟೇಬಲ್ ಅಡಿ ಬಗ್ಗಿ ನೋಡ್ತಾರೇನೋ?”

“ಇಲ್ಲ. ಅವರ ಮಂಡಿಗೆ ಅದಾಗಲ್ಲ.”

“ಮತ್ತೆ? ಅವರು ನೋಡೋದು ಮೇಲೆ.” ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು. “ಗಣಪತಿ ಹಬ್ಬದ ದಿನ ಅಕ್ಕ ಟೇಬಲ್ ಒರೆಸಿ, ಕೂತ್ಕೊಳ್ಳೋ ಅಂದ್ಲು. ಸಾರು ಚೆಲ್ಲಿದ್ದು ಹಾಗೇ ಇತ್ತು. ಅದರ ಪಕ್ಕದಲ್ಲಿ ಒರೆಸ್ತಾ ಇದ್ಲು. ಅವಳಿಗೆ ಕಣ್ಣು ಕಾಣಲ್ಲ ಕಣೋ. ಯಾರಿಗೂ ಗೊತ್ತಾಗ್ದೇ ಇರೋ ಹಾಗೆ ನಡ್ಕೊಂಡ್ ಹೋಗ್ತಿದಾಳೆ, ಅಷ್ಟೆ.”

“ಮತ್ತೆ ನೀವು ಟೇಬಲ್ ಅಡಿ ಉಜ್ಜೋದು?” ಎಂದೆ.

“ಮೇಲೆ ಒರೆಸ್ತೀನಿ ಅಂದ್ರೆ ಅವಳಿಗೆ ಗೊತ್ತಾಗ್ಬಿಡತ್ತೆ. ಅಡೀಲಿ ಒರೆಸ್ತೀನಿ ಅಂದ್ರೆ ಹುಚ್ಚ ಅಂತಾಳೆ. ಅನ್ಲಿ ಬಿಡು. ಅವಳು ವರಾಂಡದಲ್ಲಿ ಕೂತಿರೋವಾಗ ಮೇಲ್ಗಡೇದೂ ಆಗೋಗತ್ತೆ.”

“ಹಾಗಾದ್ರೆ ಕುರ್ಚಿ ಅಡೀಲಿ ಪಾಯಸ ಇದ್ದಿದ್ದು?”

“ಅದು ಇತ್ತಪ್ಪ,” ಎಂದರು ಮಾವ, ನೊಂದ ಧ್ವನಿಯಲ್ಲಿ. “ಬೇಕಾದಷ್ಟಿತ್ತು.”

ಭಾಷಣ ಅಲ್ಲಿಗೇ ನಿಂತಿತು. ಉಳಿದ ದಾರಿ ಅವರ ಚೀಲವನ್ನು ನಾನು ಹಿಡಿದುಕೊಂಡೆ.

ಮಾರನೆಯ ದಿನ ದೊಡ್ಡತ್ತೆ ಕಿಟಕಿ, ಕಪಾಟು, ಕುರ್ಚಿಯ ಬೆನ್ನುಗಳನ್ನೆಲ್ಲ ಮುಟ್ಟಿ ನೋಡಿದರು. ಆಮೇಲೆ ಎರಡನೆಯ ಸಲ ಸಾರು ಹಾಕಿಸಿಕೊಂಡರು. ಸೌಟಿನ ಮಾತು ಎತ್ತಲಿಲ್ಲ. ಮುಂದಿನ ವಾರ ಮಾವ ಫೋನು ಮಾಡಿ, ತಮ್ಮ ಕಣ್ಣು ತೋರಿಸಬೇಕಾಗಿದೆ, ಒಬ್ಬನೇ ಹೋಗಲು ಭಯ, ಜೊತೆಗೆ ಬಾ ಎಂದು ಅಮ್ಮನನ್ನು ಕರೆದರು. ಈ ವಯಸ್ಸಿನಲ್ಲೂ ಹೆದರುಪುಕ್ಕಲ ಎಂದು ಬೈದುಕೊಂಡೇ ಅಮ್ಮ ಹೊರಟಳು. ಡಾಕ್ಟರು, ಹೇಗೂ ಬಂದಿದ್ದೀರಲ್ಲ ಎಂದು ಇಬ್ಬರ ಕಣ್ಣನ್ನೂ ನೋಡಿದರು. ಮಾವನ ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ. ಅಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದಾದ ಮೇಲೊಂದು ತೆಗೆಸಿದೆವು.