ಕಾರಿಗೆ ಹಾಸಿದ ಪರಸಿ

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲಿನ ವ್ಯಾಪಾರಿ ಗುರುಲಿಂಗಪ್ಪನವರು ಒಂದು ಮುಂಜಾನೆ ಬಿಸಿ ರೊಟ್ಟಿ ಮುರಿಯುತ್ತ ಕುಂತಲ್ಲೇ ಘನಘೋರ ಪ್ರತಿಜ್ಞೆಯೊಂದನ್ನು ಮಾಡಿಬಿಟ್ಟರು. ಇನ್ನು ಮುಂದೆ ತಮ್ಮ ಕಾರಿನ ರಿಪೇರಿ ತಮ್ಮದೇ ಕೈಯಿಂದ! ವಾಡಿಯ ಮೇಸ್ತ್ರಿ ಗನಿಸಾಬ ಅದರ ನೆರಳಿಗೂ ಬರಕೂಡದು!

"ಭೂಮಿ ಸೀಳಿ ಕಲ್ಲು ತೆಗಿಯೋ ಮನಷ್ಯಾ ನಾನು. ಒಂದು ತಗಡಿನ ಡಬ್ಬಿ ನನಗ ಬಗ್ಗಂಗಿಲ್ಲೇನು?" ಅಂದರು.

ಹೆಂಡತಿ ಶರಣಬಸಮ್ಮ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಹಾರ್ನ್ ಬಗ್ಗಿಸೀರಲ್ಲ, ಊರೆಲ್ಲಾ ಕೇಳ್ಯಾದ" ಅಂದಳು.

ಹಾರ್ನಿನ ಮಾತು ಎತ್ತಿದರೆ ಗುರುಲಿಂಗಪ್ಪನವರಿಗೆ ಸಿಟ್ಟು. ಅವರು ಸ್ವಂತ ಕೈಯಿಂದ ರಿಪೇರಿ ಮಾಡಿದ ದಿನದಿಂದ ಆ ಹಾರ್ನು ಕಾರು ಎಡಕ್ಕೆ ಹೊರಳಿದಾಗೆಲ್ಲ ತಾನೇ ಹೊಡೆದುಕೊಳ್ಳುತ್ತಿತ್ತು. ಬಲಕ್ಕೆ ಹೊರಳಿದಾಗ ಗುದ್ದಿದರೂ ಉಸಿರು ಬಿಡುತ್ತಿರಲಿಲ್ಲ. ಇದರಲ್ಲಿ ಕೆಟ್ಟದ್ದೇನಿದೆ ಅಂತ ಅವರ ವಾದ. ಹಾರ್ನು ಕೇಳಿದರೆ ಸಾವ್ಕಾರರು ಎಡಕ್ಕೆ ಹೊರಳಿದರು, ಕೇಳದಿದ್ದರೆ ಬಲಕ್ಕೆ ಹೊರಳಿದರು ಅಂತ ಜನ ತಿಳಕೊಂಡರಾಯಿತು!

ಕಾರು ಅಂದರೆ ನೀವೇನೂ ಭಾರಿ ಕಾರು ಅಂದುಕೊಳ್ಳಬೇಡಿ. ರಜಾಕಾರರ ಗದ್ದಲ ಮುಗಿದ ಮ್ಯಾಲೆ ಯಾರೋ ಒಬ್ಬ ಇಂಜಿನಿಯರ್ ದೊರೆ ತನ್ನ ದೇಶಕ್ಕೆ ಹೊರಟಾಗ ಕೈಬಿಟ್ಟು ಹೋದ ಬೇಬಿ ಕಾರು. ಹೆಸರಿಗೆ ನಾಲ್ಕು ಮಂದಿ, ನಿಜಕ್ಕೆ ಎರಡೂವರೆ ಮಂದಿ ಕುಂಡರಬಹುದು. ತಲೆಗೆ ಬಟ್ಟೆಯ ಚಪ್ಪರ. ಎಷ್ಟು ಹಗುರ ಅಂದರೆ ಖಣಿಯ ನಾಲ್ಕು ಆಳುಗಳು ಅದನ್ನು ಎತ್ತಿ ತಿರುಗಿಸಿ ಇಡುತ್ತಿದ್ದರು. ದಾರಿಯಲ್ಲಿ ಒಂದು ಹರಳು ಸಿಕ್ಕರೂ ಸಾಕು, ಕಾರು ಜಿಗಿಯುತ್ತಿತ್ತು, ಒಳಗಿದ್ದವರೂ ಅದರ ಜೊತೆಗೆ ಜಿಗಿಯಬೇಕಾಗಿತ್ತು.

ಆ ಜಿಗಿತದಿಂದಲೇ ಎಲ್ಲ ಫಜೀತಿ ಹುಟ್ಟಿದ್ದು. ಗುರುಲಿಂಗಪ್ಪನವರ ಒಬ್ಬಳೇ ಮಗಳು ಚಂದಮ್ಮನನ್ನು ಚಿಂಚೋಳಿ ಕಡೆಯ ಚಿಮ್ಮನಚೋಡಕ್ಕೆ ಕೊಟ್ಟಿದ್ದರು. ಈಗ ಅವಳು ಚೊಚ್ಚಲ ಬಸುರಿ. ಕುಬಸದ ಉಡಿ ತುಂಬಲು ಹೋದಾಗ ಗುರುಲಿಂಗಪ್ಪನವರು ಬೀಗ ಗೊಲ್ಲಾಳಪ್ಪನವರನ್ನು ಕಾರಿನಲ್ಲಿ ಕೂಡಿಸಿಕೊಂಡು ಊರ ಸುತ್ತ ಒಂದು ರೌಂಡು ಹೊಡೆಸಿದ್ದರು. ಮೊದಲನೇ ತಗ್ಗಿಗೆ ಗೊಲ್ಲಾಳಪ್ಪನವರ ರುಮಾಲು ಚಪ್ಪರದ ಕಂಬಿಗೆ ಸಿಕ್ಕಿ ಅಲ್ಲೇ ಉಳಿಯಿತು. ಎರಡನೇ ತಗ್ಗಿಗೆ ಅವರ ಕೈಯಲ್ಲಿದ್ದ ಕುಡಿಯುವ ನೀರಿನ ತಂಬಿಗೆ ಪೂರಾ ಅವರ ಹೊಸ ಧೋತರದ ಮೇಲೆ ಬೋರಲಾಯಿತು. ಗೊಲ್ಲಾಳಪ್ಪನವರು ಆವತ್ತು ತುಟಿ ಬಿಚ್ಚಲಿಲ್ಲ. ಎಲ್ಲವನ್ನೂ ಪತ್ರದಲ್ಲಿ ಬರೆದರು.

ಪ್ರತಿಜ್ಞೆ ಮಾಡಿದ ದಿನವೇ ಕೈಸೇರಿದ ಆ ಪತ್ರದ ಸಾರಾಂಶ ಇಷ್ಟು. ಬರುವ ಸೋಮವಾರ ಸೊಸೆಗೆ ಏಳು ತಿಂಗಳು ತುಂಬುತ್ತವೆ. ಎಂಟರಲ್ಲಿ ಬಿದ್ದ ಬಸುರಿಯನ್ನು ಹೊಳೆ ದಾಟಿಸುವ ಪದ್ಧತಿ ಅವರ ಮನೆತನದಲ್ಲಿ ಇಲ್ಲ. ಚಕ್ಕಡಿ ಅಲುಗಾಡುತ್ತದೆ, ಅದರಲ್ಲಿ ಕಳಿಸುವುದಿಲ್ಲ. ಕಾರಿನ ಗುಣವನ್ನಂತೂ ಅವರೇ ಕಂಡಿದ್ದಾರೆ. ಆದರೂ ಬೀಗರ ಮರ್ಯಾದೆಗೆ ಒಂದು ಮೋಕಾ ಕೊಡುತ್ತಾರೆ. ಭಾನುವಾರ ತಾವೇ ಕಂಠಮಟ ತುಂಬಿದ ತಂಬಿಗೆ ಹಿಡಿದು ಆ ಕಾರಿನಲ್ಲಿ ಊರ ಮುಂದಿನ ಹೊಳೆ ದಾಟುತ್ತಾರೆ. ಒಂದು ಹನಿ ಚೆಲ್ಲಿದರೂ ಸೊಸೆಯನ್ನು ಕಳಿಸುವುದಿಲ್ಲ, ಬಾಣಂತನ ಚಿಮ್ಮನಚೋಡದಲ್ಲೇ.

ಪತ್ರ ಓದಿ ಹೇಳಿದ ಕೂಡಲೇ ಶರಣಬಸಮ್ಮ ಅಳಲಿಕ್ಕೆ ಕುಂತಳು. ಅಳದೇ ಏನು ಮಾಡ್ಯಾಳು ಪಾಪ! ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಎಣ್ಣೆ ಹಚ್ಚಿಟ್ಟಿದ್ದಳು. ಹಳೇ ಸೀರೆ ಸೇರಿಸಿ ಆರು ಸಣ್ಣ ಕೌದಿ ಹೊಲಿದಿದ್ದಳು. ಅಂಟು, ಕೊಬ್ಬರಿ, ಉತ್ತತ್ತಿ ತಂದು ಡಬ್ಬಿ ತುಂಬಿದ್ದಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಲಿಲ್ಲ ಅಂದರೆ ಆ ತಾಯಿಯ ಕರುಳು ಹೇಗೆ ತಡೆದೀತು? ಗೊಲ್ಲಾಳಪ್ಪಗ ಕೈ ಮುಗಿದು ಕೇಳೂಣು, ಚಕ್ಕಡಿಯಾಗ ದಪ್ಪಗ ಹುಲ್ಲು ಹಾಸಿ ಚಿಂಚೋಳಿತನಕ ತರೂಣು, ಮುಂದ ಬಸ್ಸದ, ಸೇಡಂದಿಂದ ರೈಲದ ಅಂತ ಅಂಗಲಾಚಿದಳು.

ಗುರುಲಿಂಗಪ್ಪನವರು ಕೇಳಲಿಲ್ಲ. ಸವಾಲು ಬಂದಿದ್ದು ಕಾರಿಗೆ, ಜವಾಬು ಕೊಡಬೇಕಾದ್ದೂ ಕಾರೇ! ಈ ಕಾರು ಯಾಕೆ ಜಿಗಿಯುತ್ತದೆ ಅಂತ ಯೋಚಿಸುತ್ತ ಪಡಸಾಲೆಯಲ್ಲಿ ಶತಪಥ ಹಾಕಿದರು. ಹಗುರ ಇದೆ, ಅದಕ್ಕೇ ಜಿಗಿಯುತ್ತದೆ. ಯಾಕೆ ಹಗುರ? ನೆಲಕ್ಕೆ ಹಾಕಿದ್ದು ಬರೀ ಹಲಗೆ, ಅದಕ್ಕೇ ಹಗುರ. ಹೀಗೆ ಯೋಚಿಸುತ್ತ ಕೆಳಗೆ ನೋಡಿದರು. ಬರಿಗಾಲ ಕೆಳಗೆ ಅವರ ಖಣಿಯದೇ ಪರಸಿ, ನುಣ್ಣಗೆ, ತಣ್ಣಗೆ, ಮೂವತ್ತು ವರ್ಷದಿಂದ ಒಂದು ಎಳ್ಳಷ್ಟೂ ಅಲುಗದೆ ಬಿದ್ದಿತ್ತು. ಶಹಾಬಾದದಲ್ಲಿ ಮನೆಯ ನೆಲ ಪರಸಿ, ಮಾಳಿಗೆ ಪರಸಿ, ಕಟ್ಟೆ ಪರಸಿ, ದನದ ಗ್ವಾದಲಿಗೂ ಪರಸಿ. ಕಾರೊಂದಕ್ಕೆ ಮಾತ್ರ ಹಲಗೆ! ಗುರುಲಿಂಗಪ್ಪನವರಿಗೆ ಜ್ಞಾನೋದಯವಾಯಿತು.

ಬೋಲ್ಟು ತರಲು ವಾಡಿಗೆ ಹೋದಾಗ ಮಾತು ಹೊಟ್ಟೆಯಲ್ಲಿ ನಿಲ್ಲದೆ ಗನಿಸಾಬನ ಮುಂದೆ ಹೇಳಿಯೂಬಿಟ್ಟರು. ಗನಿಸಾಬ ಚಹಾದ ಬಶಿ ಕೆಳಗಿಟ್ಟ.

"ಸಾವ್ಕಾರ್ರ, ಗಾಡಿ ಓಡಿಸ್ತೀರೋ, ಅದರಾಗ ಸಂಸಾರ ಹೂಡ್ತೀರೋ?" ಅಂತ ಕೇಳಿದ. ಆಮೇಲೆ ಹಲಗೆಯ ಕೆಳಗೆ ಒಂದು ತಗಡದ, ಹೊಗೆ ಕೊಳವೆಯ ಕಾವು ತಡೀತದ, ಅದನ್ನರ ತೆಗೀಬ್ಯಾಡ್ರಿ ಅಂತ ಕೂಗಿ ಹೇಳಿದ. ಆದರೆ ಮೊದಲಿನ ಮಾತಿಗೇ ಸಿಟ್ಟು ಬಂದು ಗುರುಲಿಂಗಪ್ಪನವರು ಕಾರು ಚಾಲೂ ಮಾಡಿ ಎಡಕ್ಕೆ ಹೊರಳಿಸಿಬಿಟ್ಟಿದ್ದರು. ಹಾರ್ನಿನ ಗದ್ದಲದಲ್ಲಿ ಎರಡನೇ ಮಾತು ಅವರ ಕಿವಿಗೆ ಬೀಳಲಿಲ್ಲ.

ಮೂರು ದಿನ ಅಂಗಳದಲ್ಲಿ ಉಳಿ ಸುತ್ತಿಗೆಯ ಸಪ್ಪಳ. ಹಳೇ ಹಲಗೆ ಕಿತ್ತರು. ಕೆಳಗೆ ತುಕ್ಕು ಹಿಡಿದ ತಗಡೊಂದು ಸಿಕ್ಕಿತು, ಅದನ್ನೂ ತಿಪ್ಪೆಗೆ ಬಿಸಾಕಿದರು. ಎರಡು ಬೆರಳು ದಪ್ಪದ, ಒಂದು ಗೆರೆಯೂ ಇಲ್ಲದ ಪರಸಿಯನ್ನು ಆರಿಸಿ ತರಿಸಿದರು. ಬ್ರೇಕಿಗೆ, ಕ್ಲಚ್ಚಿಗೆ, ಗೇರಿನ ದಾಂಡಿಗೆ ತಮ್ಮ ಕೈಯಾರೆ ತೂತು ಕೊರೆದರು. ಕೆಲಸದಲ್ಲಿ ಹುಳುಕು ಹುಡುಕುವಂತಿರಲಿಲ್ಲ ನೋಡ್ರಿ, ಕಲ್ಲಿನ ಮಟ್ಟಿಗೆ ಮನುಷ್ಯ ಪಂಡಿತ. ನಾಲ್ಕು ಆಳು ಹೊತ್ತು ತಂದು ಪರಸಿ ಕೂಡಿಸಿದಾಗ ಕಾರು ಒಮ್ಮೆ ನರಳಿ, ಗೇಣುದ್ದ ಕೆಳಗಿಳಿದು ಕುಂತಿತು. ಅಲುಗಿಸಿದರೆ ಅಲುಗಲಿಲ್ಲ! ಗುರುಲಿಂಗಪ್ಪನವರು ಮೀಸೆ ತಿರುವಿದರು.

ಭಾನುವಾರ ನಸುಕಿನಲ್ಲಿ ಶರಣಬಸಮ್ಮ ಕಾರಿನ ಹತ್ತಿರ ಬಂದಳು. ನುಣ್ಣನೆಯ ಪರಸಿ ಕಂಡಿದ್ದೇ ತಡ, ಅವಳ ಕೈ ಸುಮ್ಮನಿರಲಿಲ್ಲ. ಒದ್ದೆ ಅರಿವೆಯಿಂದ ಒರೆಸಿ, ಹಿಂದಿನ ಸೀಟಿನ ಮುಂದೆ ಚೊಕ್ಕ ಒಂದು ರಂಗೋಲಿ ಎಳೆದು, ಅರಿಷಿಣ ಕುಂಕುಮ ಹಚ್ಚಿ, ತಾನು ಮುಂದಿನ ಸೀಟಿನಲ್ಲಿ ಕುಂತಳು. ವಾಡಿ ದಾಟಿ ಚಿತ್ತಾಪುರ ಮುಟ್ಟುವುದರಲ್ಲಿ ಅವಳು ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡಿದ್ದಳು. ಕಲ್ಲು ಕಾಯಲಿಕತ್ತದ ಅಂದರೆ, ನಿನ್ನ ಮೊಣಕಾಲ ಬ್ಯಾನಿಗೆ ಕಾವು ಚಲೋ ಅಂತ ಗುರುಲಿಂಗಪ್ಪನವರ ಉತ್ತರ. ಅವರು ದಪ್ಪ ಅಟ್ಟೆಯ ಬೂಟು ಹಾಕಿದ್ದರು, ಅವರಿಗೇನು ಗೊತ್ತಾಗಬೇಕು? ಸೇಡಂದಲ್ಲಿ ಊಟ ಮಾಡಿ, ಏರಿನಲ್ಲಿ ಏದುಸಿರು ಬಿಡುವ ಕಾರನ್ನು ಪುಸಲಾಯಿಸುತ್ತ, ಇಳಿಹೊತ್ತಿಗೆ ಚಿಮ್ಮನಚೋಡದ ಹೊಳೆ ದಂಡೆ ಮುಟ್ಟಿದರು.

ಊರು ಇದ್ದದ್ದು ಹೊಳೆಯ ಆಚೆ. ಬೇಸಿಗೆಯ ನೀರು ಮೊಣಕಾಲ ಮಟ. ಆಚೆ ದಂಡೆಯಲ್ಲಿ ಅರ್ಧ ಊರು ನೆರೆದಿತ್ತು, ನಡುವೆ ಹಸಿರು ಸೀರೆಯ ಚಂದಮ್ಮ, ಬಗಲಲ್ಲಿ ಬಟ್ಟೆಯ ಗಂಟು. ಈಚೆ ದಂಡೆಗೆ ಗೊಲ್ಲಾಳಪ್ಪನವರು ಬೀಗರನ್ನು ಎದುರುಗೊಳ್ಳಲು ಚಕ್ಕಡಿಯಲ್ಲಿ ಬಂದು ಕುಂತಿದ್ದರು. ಚಕ್ಕಡಿ ಹೊಡೆಯಲು ಆಳು ಹಣಮಪ್ಪ. ಗೊಲ್ಲಾಳಪ್ಪನವರ ಕೈಯಲ್ಲಿ ತಂಬಿಗೆ, ಕಂಠಮಟ ನೀರು. ಶರಣಬಸಮ್ಮ ಕೆಳಗಿಳಿದು, ಸೆರಗು ಬಾಯಿಗೆ ಒತ್ತಿಕೊಂಡು, ಆಚೆಯ ಮಗಳನ್ನು ನೋಡುತ್ತ ನಿಂತಳು.

ಗೊಲ್ಲಾಳಪ್ಪನವರು ಕಾರಿನೊಳಗೆ ಇಣುಕಿದರು. ಒರೆಸಿದ ನೆಲ, ರಂಗೋಲಿ, ಕುಂಕುಮ! ಮರ್ಯಾದಸ್ಥರು ಇಂಥಲ್ಲಿ ಕಾಲಮರಿ ಹಾಕಿಕೊಂಡು ಹೆಂಗ ಕಾಲಿಟ್ಟಾರು? ಕಳಚಿ ಹಣಮಪ್ಪನ ಕೈಗೆ ಕೊಟ್ಟು, ಬರಿಗಾಲಲ್ಲಿ ಹಿಂದಿನ ಸೀಟಿನಲ್ಲಿ ಕುಂತರು. ಕಾರು ಹೊರಟಿತು.

"ಬೀಗ್ರ, ನೆಲ ಬೆಚ್ಚಗದ" ಅಂದರು ಗೊಲ್ಲಾಳಪ್ಪ.

"ಬಿಸಲಿನ ಕಾವ್ರಿ" ಅಂದರು ಗುರುಲಿಂಗಪ್ಪ.

"ಬೀಗ್ರ, ಬೆಚ್ಚಗಲ್ಲ, ಸುಡಲಿಕತ್ತದ."

ಗುರುಲಿಂಗಪ್ಪನವರು ಹಿಂದಕ್ಕೆ ನೋಡಲಿಲ್ಲ. ಗೊಲ್ಲಾಳಪ್ಪನವರು ಎಡಗಾಲು ಎತ್ತಿದರು, ಇಳಿಸಿದರು, ಬಲಗಾಲು ಎತ್ತಿದರು, ಇಳಿಸಿದರು, ಕಡೆಗೆ ಎರಡೂ ಎತ್ತಿ ಸೀಟಿನ ಮೇಲೆ ಪೂಜೆಗೆ ಕುಂತವರ ಹಾಗೆ ಕುಂತುಬಿಟ್ಟರು. ಹೆಬ್ಬೆರಳು ಕೆಂಪಾಗಿ ಹೋಗಿತ್ತು. ಆದರೆ ಧರ್ಮ ಬಿಡುವ ಮನುಷ್ಯ ಅಲ್ಲ, ತಂಬಿಗೆಯ ನೀರು ಚೆಲ್ಲಲಿಲ್ಲ. ಚೆಲ್ಲುವ ಹಾಗೆ ಕಾರು ಜಿಗಿಯಲೂ ಇಲ್ಲ. ದಂಡೆಯ ಹರಳುಗಲ್ಲಿನ ಮೇಲೆ ಅದು ರೋಲರಿನ ಹಾಗೆ ಗಂಭೀರವಾಗಿ ನಡೆದು ನೀರಿಗಿಳಿಯಿತು. ಗೆದ್ದೆ ಅಂದುಕೊಂಡರು ಗುರುಲಿಂಗಪ್ಪ!

ಹೊಳೆಯ ನಟ್ಟನಡುವೆ ನೀರು ಪರಸಿಯ ಹೊಟ್ಟೆಗೆ ಮುಟ್ಟಿತು. ಮುಂಜಾನೆಯಿಂದ ಹೆಂಚಿನ ಹಾಗೆ ಕಾದ ಕಲ್ಲು, ಕೆಳಗೆ ತಣ್ಣೀರು. ಮೊದಲು ಚುಂಯ್ ಅಂತ ಸದ್ದಾಯಿತು. ಪೆಡಲಿನ ತೂತುಗಳಿಂದ ಉಗಿ ಎದ್ದಿತು. ಆಮೇಲೆ ಫಟ್! ಒಂದು ಗೆರೆಯೂ ಇಲ್ಲದ ಪರಸಿ ನಡುವೆ ಸೀಳಿ, ಎರಡು ಹೋಳಾಗಿ, ರಂಗೋಲಿ ಸಮೇತ ಹೊಳೆಯ ತಳ ಸೇರಿತು. ಎಂಜಿನ್ನು ಒಮ್ಮೆ ಕೆಮ್ಮಿ ನಿಂತಿತು. ಗುರುಲಿಂಗಪ್ಪನವರು ಬೂಟುಗಾಲಿನಿಂದ ಬ್ರೇಕು ಹುಡುಕಿದರು, ಕಾಲಿಗೆ ಮೀನು ಸಿಕ್ಕಿತು.

ಆಮೇಲೆ ಗೊಲ್ಲಾಳಪ್ಪನವರು ರುಮಾಲಿಗಿಂತ ಎತ್ತರ ಹಿಡಿದಿದ್ದ ತಂಬಿಗೆ ಇಳಿಸಿ ಒಳಗೆ ನೋಡಿದರು.

"ಬೀಗ್ರ, ಸುಳ್ಳು ಹೇಳಬಾರದು. ನೀರು ಚೆಲ್ಲಿಲ್ಲ."

"ಅಂದ ಮ್ಯಾಲ ಮಗಳನ್ನ ಕಳಸ್ರಿ."

"ಯಾತರಾಗ ಕಳಸಲಿ? ಗಾಡಿಗಿ ನೆಲಾನೇ ಇಲ್ಲಲ್ಲ."

ಅಲ್ಲಿಗೆ ಶುರುವಾಯಿತು ವಾದ. ಕರಾರಿನಲ್ಲಿ ನೆಲದ ಮಾತೇ ಇರಲಿಲ್ಲ, ನೀರಿನದಷ್ಟೇ ಇತ್ತು ಅಂತ ಇವರು. ನೆಲ ಇಲ್ಲದ ಗಾಡಿಯಲ್ಲಿ ಬಸುರಿಯನ್ನು ಕಳಿಸಿದರೆ ಊರು ಏನಂದೀತು ಅಂತ ಅವರು. ಹೊಳೆ ನಡುವೆ ಕುಂತು ಇಬ್ಬರೂ ಕಚೇರಿಯ ವಕೀಲರ ಹಾಗೆ ಕೈ ಮಾಡಿ ಮಾತಾಡಿದರು. ಹೊತ್ತು ಮುಳುಗಲಿಕ್ಕೆ ಬಂದಿತ್ತು. ನಾಳೆ ಬೆಳಗಾದರೆ ಎಂಟು. ದಂಡೆಯಲ್ಲಿ ನಿಂತ ಹೆಂಡತಿಗೆ ಏನಂತ ಮುಖ ತೋರಿಸಲಿ, ನನ್ನ ಸೊಕ್ಕಿಗೆ ಮಗಳಿಗೆ ತವರು ತಪ್ಪಿತಲ್ಲ ಅಂತ ಮೊದಲ ಸಲ ಗುರುಲಿಂಗಪ್ಪನವರಿಗೆ ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ ಆಚೆ ದಂಡೆಯ ಜನ ಗೊಳ್ಳೆಂದರು. ನೋಡಿದರೆ ಚಂದಮ್ಮ! ಸೀರೆ ಮೇಲಕ್ಕೆ ಸಿಕ್ಕಿಸಿ, ಬಟ್ಟೆಯ ಗಂಟು ತಲೆಯ ಮೇಲಿಟ್ಟುಕೊಂಡು, ನೀರಲ್ಲಿ ನಡೆದು ಬರುತ್ತಿದ್ದಳು. ಕಾರಿನ ಪಕ್ಕಕ್ಕೆ ಬಂದಾಗ ಮಾವನವರಿದ್ದಾರಂತ ತಲೆಯ ಸೆರಗು ಸರಿಮಾಡಿಕೊಂಡಳು, ಅಪ್ಪನ ಕಡೆ ಓರೆಗಣ್ಣಿಂದ ಒಮ್ಮೆ ನೋಡಿದಳು, ಮುಂದಕ್ಕೆ ನಡೆದೇಬಿಟ್ಟಳು. ಈಚೆ ದಂಡೆ ಹತ್ತಿದ ಕೂಡಲೇ ಶರಣಬಸಮ್ಮ ಮಗಳನ್ನು ತಬ್ಬಿಕೊಂಡು, ಯಾಕವ್ವ ಹಿಂಗ ನಡದು ಬಂದಿ, ಹೊಟ್ಟೀಗೇನಾರ ಆದರ ಅಂತ ಗಾಬರಿಯಾದಳು.

ಮಾವನ ಎದುರು ಮಾತಾಡುವ ಸೊಸೆ ಅಲ್ಲ ಚಂದಮ್ಮ. ಅವ್ವನಿಗೇ ಹೇಳಿದಳು. ಆದರೆ ಹೊಳೆಯ ನಡುವೆ ಇದ್ದವರಿಗೂ ಕೇಳುವ ಹಾಗೆ ಹೇಳಿದಳು.

"ಏನಾಗ್ತದ ಯವ್ವಾ? ದಿನಾ ಮುಂಜಾನಿ ಇದೇ ಹೊಳಿಯಾಗಿಂದ ಎರಡು ಕೊಡ ನೀರು ಹೊತ್ತು ತರ್ತೀನಿ. ಇವತ್ತೂ ತಂದೀನಿ. ಆ ತಂಬಿಗಿ ತುಂಬಿದ್ದೂ ಅದೇ ನೀರೇ."

ಹೊಳೆಯ ನಡುವಿನ ಕಚೇರಿ ಬರ್ಖಾಸ್ತಾಯಿತು. ಗೊಲ್ಲಾಳಪ್ಪನವರು ತಂಬಿಗೆಯನ್ನು ನೋಡಿದರು, ಸದ್ದಿಲ್ಲದೆ ಆ ನೀರನ್ನು ಹೊಳೆಗೆ ಸುರಿದರು. ಹಣಮಪ್ಪನನ್ನು ಕರೆದು ಚಕ್ಕಡಿಯಲ್ಲಿ ಮೊಣಕಾಲೆತ್ತರ ಹುಲ್ಲು ಹಾಸು ಅಂದರು, ಎತ್ತು ಮೆಲ್ಲಗೆ ಹೊಡಿ ಅಂದರು, ಚಿಂಚೋಳಿತನಕ ನಾನೂ ಬರ್ತೀನಿ ಅಂದರು. ಮುಖ ಮಾತ್ರ ಯಾರಿಗೂ ತೋರಿಸಲಿಲ್ಲ.

ಎತ್ತುಗಳೇ ಕಾರನ್ನೂ ದಂಡೆಗೆ ಎಳೆದವು. ಪರಸಿ ಕಳಚಿದ ಮೇಲೆ ಅದು ಮತ್ತೆ ಹತ್ತಿಯಷ್ಟು ಹಗುರ. ಚಕ್ಕಡಿಯ ಹಿಂದೆ ಹಗ್ಗ ಬಿಗಿದರು. ಗುರುಲಿಂಗಪ್ಪನವರು ಸ್ಟೇರಿಂಗು ಹಿಡಿದು ಸೀಟಿನ ತುದಿಯಲ್ಲಿ ಕುಂತರು. ಕೆಳಗೆ ನೆಲ ಇಲ್ಲ, ಕಾಲು ಸೀದಾ ರಸ್ತೆಗೆ. ಕಾರು ಉರುಳಿದ ಹಾಗೆ ಅವರೂ ಒಳಗಿಂದ ನಡೆಯಬೇಕು! ಮುಂದೆ ಚಕ್ಕಡಿಯಲ್ಲಿ ಚಂದಮ್ಮ ಅಪ್ಪನ ಬೂಟು ಟಪಟಪ ನಡೆಯುವುದನ್ನು ಕಂಡು ಹೊಟ್ಟೆ ಹಿಡಿದು ನಗತೊಡಗಿದಳು. ಅಷ್ಟು ನಗಬ್ಯಾಡವ್ವ ಅಂತ ಶರಣಬಸಮ್ಮ ಗದರಿಸಿದಳು, ಗದರಿಸುತ್ತ ತಾನೂ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಗುರುಲಿಂಗಪ್ಪನವರ ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು. ಮಗಳು ಹೊಳೆ ದಾಟಿದ್ದಳು, ಇನ್ನು ಕಾರು ಏನಾದರೂ ಆಗಲಿ.

ಕಾರನ್ನು ಚಿಂಚೋಳಿಯಲ್ಲೇ ಬಿಟ್ಟು, ಮರುದಿನ ಬಸ್ಸಿಳಿದು, ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ, ಶಹಾಬಾದದ ಮನೆ ಮುಟ್ಟಿದಾಗ ಉರಿ ಬಿಸಿಲು. ಚಂದಮ್ಮ ಪಡಸಾಲೆಗೆ ಬಂದವಳೇ ತಣ್ಣನೆಯ ನೆಲದ ಮೇಲೆ ಮೈ ಚಾಚಿ, ಕಣ್ಣು ಮುಚ್ಚಿ, ಉಸ್ಸೆಂದು ದೊಡ್ಡ ಉಸಿರು ಬಿಟ್ಟಳು. ಶರಣಬಸಮ್ಮ ತಲೆದಿಂಬು ತರಲು ಓಡಿದಳು. ಬಾಗಿಲಲ್ಲಿ ನಿಂತ ಗುರುಲಿಂಗಪ್ಪನವರಿಗೆ ಆ ನೆಲದ ಮೇಲೆ ಮಗಳನ್ನು ನೋಡಿ ಕಣ್ಣು ತುಂಬಿ ಬಂತು. ಅವರು ಬಗ್ಗಿ, ಅವಳ ಪಕ್ಕದ ಪರಸಿಯನ್ನು ಪ್ರೀತಿಯಿಂದ ಸವರಿದರು.

ಚಂದಮ್ಮ ಗಾಬರಿಯಾಗಿ ಕಣ್ಣು ಬಿಟ್ಟಳು. "ಯಪ್ಪಾ, ಇದನ್ನರ ಇಲ್ಲೇ ಇರಗೊಡು."