ನಮ್ಮ ಮನೆಯ ತುರುಕು ಚೀಲ

ಭೂಮಿ ಬಾಯಿ ಬಿಡಲಿ, ಆಕಾಶ ಕಳಚಿ ಬೀಳಲಿ, ನನ್ನ ಸಂಸಾರದ ಒಂದು ಕೂದಲೂ ಕೊಂಕಬಾರದು! ಹಾಗಂತ ನಾನು ಶಪಥ ಮಾಡಿದ್ದು ಒಂದು ಭಾನುವಾರ, ಎರಡನೇ ಲೋಟ ಕಾಫಿ ಹೀರುತ್ತಾ. ಕಾರಣ, ರಾಯಭಾರ ಕಚೇರಿಯಿಂದ ಮೊಬೈಲಿಗೆ ಬಂದ ಸುತ್ತೋಲೆ. ಪರದೇಶದಲ್ಲಿರುವ ಕುಟುಂಬಗಳೆಲ್ಲ ಒಂದೊಂದು ತುರ್ತು ಚೀಲ ಕಟ್ಟಿಟ್ಟುಕೊಂಡಿರಬೇಕಂತೆ. ದಿಢೀರನೆ ಮನೆ ಬಿಟ್ಟು ಓಡುವ ಪ್ರಸಂಗ ಬಂದರೆ ಎತ್ತಿಕೊಂಡು ಹೊರಡಲಿಕ್ಕೆ.

"ನಾನೇ ಕಟ್ತೀನಿ ರೀ, ಅರ್ಧ ಗಂಟೆ ಕೆಲಸ" ಅಂದಳು ಹೆಂಡತಿ.

"ನೀನಾ? ಹನ್ನೊಂದು ವರ್ಷದಿಂದ ಗೋದಾಮಿನಲ್ಲಿ ಹಡಗುಗಟ್ಟಲೆ ಸಾಮಾನು ಪ್ಯಾಕ್ ಮಾಡಿಸ್ತಿರೋನು ನಾನು. ನೀನು ಔಷಧಿ ಅಂಗಡೀಲಿ ಮಾತ್ರೆ ಪ್ಯಾಕ್ ಮಾಡೋಳು. ಸುಮ್ನೆ ನೋಡ್ತಾ ಇರು!"

ಅವಳು ಸುಮ್ಮನೆ ನೋಡತೊಡಗಿದಳು. ಅದು ಅಪಾಯದ ಸೂಚನೆ ಎಂದು ಆಗ ನನಗೆ ಹೊಳೆಯಲಿಲ್ಲ.

ಅಟ್ಟದ ಮೇಲಿಂದ ಮನೆಯ ಅತಿ ದೊಡ್ಡ ಗಾಲಿ ಚೀಲ ಇಳಿಯಿತು. ಪಾಸ್‌ಪೋರ್ಟ್‌ಗಳು ಒಳಗೆ ಹೋದವು. ಹನ್ನೆರಡು ಬಾಟಲಿ ನೀರು, ಮೂರು ಟಾರ್ಚು, ಸುತ್ತಿಗೆ, ಕತ್ತರಿ, ಕುಕ್ಕರು. ನಮ್ಮ ಜೊತೆಗಿರುವ ಅತ್ತೆಗೆ ಮಂಡಿನೋವು, ಅವರು ನೆಲದ ಮೇಲೆ ಕೂರಬಾರದೆಂದು ಮಡಚುವ ಕುರ್ಚಿಯೊಂದನ್ನು ಚೀಲದ ಬೆನ್ನಿಗೆ ಬಿಗಿದೆ. ಹೊರಜೇಬಿಗೆ ಇಪ್ಪತ್ತು ಮೀಟರ್ ನೈಲಾನ್ ಹಗ್ಗ.

"ಇಸ್ತ್ರಿ ಪೆಟ್ಟಿಗೆ ಯಾಕೆ ರೀ?"

"ನಿರಾಶ್ರಿತರ ಶಿಬಿರದಲ್ಲಿ ನಾಲ್ಕು ಜನರ ಮುಂದೆ ಮುದುರಿದ ಅಂಗೀಲಿ ನಿಲ್ಲೋದಾ? ಮರ್ಯಾದೆ ಬೇಡ್ವಾ?"

ಒಂಬತ್ತು ವರ್ಷದ ಪುಟ್ಟಿ ಇಣುಕಿ ನೋಡಿ, "ಅಪ್ಪಾ, ಇದ್ರೊಳಗೆ ನಾನೂ ಕೂತ್ಕೊಳ್ಳಲಾ?" ಅಂದಳು.

"ಜಾಗ ಇಲ್ಲ ಮಗಳೇ!"

ಕೊನೆಗೆ ಚೀಲದ ಮೇಲೆ ಅತ್ತೆಯನ್ನು ಕೂರಿಸಿ ಜಿಪ್ ಎಳೆದು ಬೀಗ ಹಾಕಿದೆ. ಹೆಂಡತಿ ಒಂದು ಸುತ್ತು ಬಂದು ತೀರ್ಪು ಕೊಟ್ಟಳು: "ಇದು ತುರ್ತು ಚೀಲ ಅಲ್ಲ ರೀ, ತುರುಕು ಚೀಲ!"

ಆ ವಾರವಿಡೀ ನಮ್ಮ ಮನೆಯೇ ನಿರಾಶ್ರಿತರ ಶಿಬಿರವಾಯಿತು. ಕತ್ತರಿ ಎಲ್ಲಿ? ಚೀಲದಲ್ಲಿ. ಕುಕ್ಕರ್ ಎಲ್ಲಿ? ಚೀಲದಲ್ಲಿ. ಸುಕ್ಕು ಅಂಗಿ ತೊಟ್ಟು ಕೆಲಸಕ್ಕೆ ಹೋದರೂ ನಾನು ಬೀಗ ತೆಗೆಯಲಿಲ್ಲ. ಶಿಸ್ತು ಅಂದರೆ ಶಿಸ್ತು!

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಟ್ಟಡದ ಬೆಂಕಿ ಗಂಟೆ ಕಿವಿ ಹರಿಯುವಂತೆ ಹೊಡೆದುಕೊಂಡಿತು. ಕಿಟಕಿಯಾಚೆ ತೆಳ್ಳನೆ ಹೊಗೆ. ಎದೆ ಧಸಕ್ಕೆಂದಿತು, ನಿಜ. ಆದರೆ ಅದರ ಹಿಂದೆಯೇ, ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ, ಒಂದು ಚಿಟಿಕೆ ಸಂತೋಷವೂ ಆಯಿತು. ನನ್ನ ಗಳಿಗೆ ಬಂದಿತ್ತು!

"ರೀ, ಅದನ್ನ ಬಿಟ್ಟು ಬನ್ನಿ!"

"ನೀವು ನಡೀರಿ, ನಾನು ಬಂದೇಬಿಟ್ಟೆ!"

ಚೀಲವನ್ನು ಬಾಗಿಲು ದಾಟಿಸಿ, ತಲೆಯೆತ್ತಿ, "ಯಾರೂ ಗಾಬರಿಯಾಗಬೇಡಿ, ನಾನಿದ್ದೀನಿ!" ಎಂದು ಗರ್ಜಿಸಿದೆ. ಗಾಬರಿಯಾಗಲು ಅಲ್ಲಿ ಒಬ್ಬರೂ ಇರಲಿಲ್ಲ. ಮಂಡಿನೋವಿನ ಅತ್ತೆಯೂ ಆಗಲೇ ಎರಡು ಮಹಡಿ ಇಳಿದಿದ್ದರು.

ನಮ್ಮದು ಆರನೇ ಮಹಡಿ. ಬೆಂಕಿ ಗಂಟೆ ಹೊಡೆದರೆ ಲಿಫ್ಟ್ ಬಂದ್. ಐದನೇ ಮಹಡಿಯಲ್ಲಿ ಒಂದು ಗಾಲಿ ಕಿತ್ತು ಉರುಳುತ್ತಾ ನನಗಿಂತ ಮೊದಲೇ ಕೆಳಗೆ ಹೋಯಿತು. ಆಗ ನನ್ನ ಹನ್ನೊಂದು ವರ್ಷದ ಅನುಭವ ಜಾಗೃತವಾಯಿತು. ಹಗ್ಗದ ಒಂದು ತುದಿ ಚೀಲಕ್ಕೆ, ಇನ್ನೊಂದು ನನ್ನ ಸೊಂಟಕ್ಕೆ ಕಟ್ಟಿ, ಮೆಲ್ಲಗೆ ಇಳಿಬಿಟ್ಟೆ. ಚೀಲಕ್ಕೆ ಮೆಲ್ಲಗೆ ಅನ್ನುವ ಮಾತೇ ಗೊತ್ತಿರಲಿಲ್ಲ. ಅದು ಧಡಧಡನೆ ಜಾರಿತು, ನಾನು ಅದರ ಬಾಲವಾಗಿ ಹಿಂಬಾಲಿಸಿದೆ. ನಾಲ್ಕನೇ ಮಹಡಿಯ ತಿರುವಿನಲ್ಲಿ ಬೆನ್ನಿನ ಕುರ್ಚಿ ಫಟ್ಟೆಂದು ಬಿಚ್ಚಿಕೊಂಡು, ಗೋಡೆಗೂ ಕಂಬಿಗೂ ನಡುವೆ ಅಡ್ಡಗಾಲು ಹಾಕಿ ನಿಂತಿತು.

ಮೇಲಿನಿಂದ ಏಳನೇ ಮಹಡಿಯ ಪಿಯಾನೋ ಟೀಚರಮ್ಮ ಬೆಕ್ಕಿನ ಬುಟ್ಟಿ ಹಿಡಿದು ಬಂದರು. ಹಿಂದೆ ಗಡಿಯಾರ ರಿಪೇರಿಯ ತಾತ.

"ಇದೇನ್ರೀ, ಇವತ್ತೇ ಮನೆ ಖಾಲಿ ಮಾಡ್ತಿದ್ದೀರಾ?" ಅಂದರು ಟೀಚರಮ್ಮ.

ಹೊಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಾತ ಕೆಮ್ಮಿದರು. ಇವರಿಗೇನಾದರೂ ಆದರೆ, ಅದು ಬೆಂಕಿಯಿಂದಲ್ಲ, ನನ್ನ ಕುಕ್ಕರಿನಿಂದ! ತಾತನನ್ನು ತೋಳು ಹಿಡಿದು ಚೀಲ ಹತ್ತಿಸಿ ಆಚೆ ಇಳಿಸಿದೆ. ಟೀಚರಮ್ಮನನ್ನು ಹತ್ತಿಸಿದೆ. ಬೆಕ್ಕನ್ನು ದಾಟಿಸಿದೆ. ಅದು ಹೋಗುವಾಗ ನನ್ನ ಮುಂಗೈಗೊಂದು ಗೀರು ಎಳೆದು ಹೋಯಿತು.

ಇನ್ನು ನನ್ನ ಸರದಿ. ಹಗ್ಗವೆಲ್ಲ ಚೀಲದಡಿ ಸಿಕ್ಕಿಕೊಂಡು, ಸೊಂಟದ ಗಂಟು ಎಳೆತಕ್ಕೆ ಕಲ್ಲಾಗಿತ್ತು. ಕತ್ತರಿಸೋಣವೆಂದರೆ ಕತ್ತರಿ ಚೀಲದಲ್ಲಿ. ಜಿಪ್ಪಿರುವ ಮಗ್ಗುಲು ಗೋಡೆಗೆ ಅಂಟಿಕೊಂಡಿತ್ತು. ಕಟ್ಟಿದ ಕರುವಿನ ಹಾಗೆ ಮೆಟ್ಟಿಲ ಮೇಲೆ ಕೂತೆ.

ಆಗ ಬೂಟಿನ ಸದ್ದು. ಹೆಲ್ಮೆಟ್ ತೊಟ್ಟ ಅಗ್ನಿಶಾಮಕ ದಳದವಳೊಬ್ಬಳು ಕೈಯಲ್ಲೊಂದು ಫೋಟೋ ಹಿಡಿದು ಬಂದಳು. ಫೋಟೋ ನೋಡಿದಳು, ನನ್ನನ್ನು ನೋಡಿದಳು.

"ಇದು ನೀವೇ ತಾನೇ?"

"ನಾನೇ. ಆಗ ಮೀಸೆ ಇತ್ತು."

ಅವಳು ಚಾಕು ತೆಗೆದು ಹಗ್ಗ ಕುಯ್ದಳು. "ನಡೀರಿ!"

"ಅಯ್ಯೋ, ಚೀಲ! ನಮ್ಮ ಪಾಸ್‌ಪೋರ್ಟ್ ಎಲ್ಲಾ ಅದ್ರಲ್ಲೇ ಇದೆ!"

"ಅವು ನಿಮ್ಮ ಹೆಂಡತಿ ಹತ್ರ ಇವೆ. ನೀವೊಬ್ಬರೇ ಬಾಕಿ."

ಕೆಳಗೆ ಬಂದರೆ ಬೆಂಕಿ ಆರಿಯೇ ಹೋಗಿತ್ತು. ಎರಡನೇ ಮಹಡಿಯವರು ಒಲೆಯ ಮೇಲೆ ಬಾಣಲೆ ಮರೆತಿದ್ದರಂತೆ. ಅತ್ತೆ ಹೂದೋಟದ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. "ಬನ್ನಿ ಅಳಿಯಂದಿರೇ, ಸುಸ್ತಾಗಿದ್ದೀರಿ" ಎಂದು ಬಾಟಲಿ ಚಾಚಿದರು. ಹೆಂಡತಿಯ ಹೆಗಲಲ್ಲಿ ಅಂಗೈಯಗಲದ ಕೈಚೀಲ. ಪಾಸ್‌ಪೋರ್ಟ್, ಅತ್ತೆಯ ಮಾತ್ರೆ, ಚಾರ್ಜರ್, ಪುಟ್ಟಿಗೆ ಬಿಸ್ಕತ್ತು, ಎಲ್ಲ ಅದರಲ್ಲೇ.

"ಯಾವಾಗ ಕಟ್ಟಿದೆ ಇದನ್ನ?"

"ಭಾನುವಾರವೇ. ನೀವು ಬೀಗ ಹುಡುಕೋಕೆ ಹೋದಾಗ ಬೇಕಾಗಿದ್ದೆಲ್ಲ ಎತ್ಕೊಂಡೆ."

ಇಷ್ಟೇ ಇಷ್ಟು ಜಾಗದಲ್ಲೂ ನನ್ನ ಹಳೇ ಫೋಟೋಗೆ ಎಡೆಯಿತ್ತಲ್ಲ! ಹದಿನಾಲ್ಕು ವರ್ಷದ ದಾಂಪತ್ಯ ಸಾರ್ಥಕ ಅನಿಸಿತು.

"ಆಪತ್ತಲ್ಲೂ ನನ್ನ ಫೋಟೋ ಜೊತೇಲಿ ಇಟ್ಕೊಂಡಿದ್ದೀಯಲ್ಲೇ..."

"ಮತ್ತೆ? ತಪ್ಪಿಸ್ಕೊಳ್ಳೋ ಮಕ್ಕಳ ಫೋಟೋ ಒಂದು ಕೈಯಲ್ಲಿರಲೇಬೇಕಂತೆ ರೀ. ಹುಡುಕೋರಿಗೆ ತೋರಿಸೋಕೆ."

"ಹಾಗಾದ್ರೆ ಪುಟ್ಟೀದು ಎಲ್ಲಿ?"

"ಅವಳ್ಯಾಕೆ ತಪ್ಪಿಸ್ಕೊಳ್ತಾಳೆ?"