ಮುಖ ತಿದ್ದುವವನ ಮುಖಭಂಗ

ಸಹಕಾರನಗರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಜನರನ್ನು ಇರುವುದಕ್ಕಿಂತ ಚೆನ್ನಾಗಿ ಕಾಣಿಸುವುದು ನನ್ನ ಕಸುಬು, ಅದಕ್ಕಾಗಿ ಬೈಸಿಕೊಳ್ಳುವುದು ನನ್ನ ಹಣೆಬರಹ. ಪಕ್ಕದ ಬೇಕರಿಯವನು ಹಳಸಿದ ಬನ್ನು ಕೊಟ್ಟರೂ ಇಷ್ಟು ಬೈಸಿಕೊಳ್ಳುವುದಿಲ್ಲ. ಕೌಂಟರಿನಲ್ಲಿ ಕೂರುವ ನನ್ನ ಹೆಂಡತಿ ಮೊದಲಿನಿಂದಲೂ ಹೇಳುತ್ತಾಳೆ: "ಮುಖ ಇದ್ದ ಹಾಗೆ ಬಿಡ್ರೀ. ಕೈ ಸುಮ್ನಿರಲ್ವಾ ನಿಮ್ಗೆ?" ಇರುವುದಿಲ್ಲ. ಮೌಸ್ ಹಿಡಿದರೆ ಸಾಕು, ಎದುರಿಗಿರುವ ಸುಕ್ಕೆಲ್ಲ ನನ್ನ ವೈರಿಗಳು. ಆಮೇಲೆ ತಲೆ ತಗ್ಗಿಸಿ ನಿಲ್ಲುವವನೂ ನಾನೇ.

ಮಗಳ ಫೋಟೋ

ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವ, ಹುಬ್ಬಳ್ಳಿ ಕಡೆಯ ಹೆಂಗಸೊಬ್ಬರು ಗುರುತಿನ ಚೀಟಿಗೆಂದು ಫೋಟೋ ತೆಗೆಸಿಕೊಂಡು ಹೋದರು. ಕಣ್ಣ ಕೆಳಗಿನ ಕಪ್ಪು, ಗಲ್ಲದ ಕೆಳಗಿನ ಮಡಿಕೆ, ಎರಡನ್ನೂ ನಾನು ಕೇಳದೆಯೇ ತೆಗೆದಿದ್ದೆ. ಮರುದಿನ ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ಬಂದರು.

"ಏನ್ರೀ, ಗುರುತಿನ ಚೀಟಿ ಮಾಡೋ ಕೌಂಟರ್‌ನಾಗ ಕುಂತಾಂವ 'ಮಗಳ ಫೋಟೋ ತಂದೀರಿ, ನಿಮ್ದು ಕೊಡ್ರಿ' ಅಂದ. ಸರತಿಯೊಳಗ ನಿಂತವ್ರೆಲ್ಲ ನಕ್ರು. ನನಗ ಮಗಳ ಇಲ್ರೀ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಿ, ಬೇರೆ ಫೋಟೋ ತೆಗೆದು, ಒಂದು ಸುಕ್ಕನ್ನೂ ಮುಟ್ಟದೆ ಕೊಟ್ಟೆ. ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಪರ್ಸಿಗೆ ಹಾಕಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಆ ಮಗಳ ಫೋಟೋನೂ ನಾಕ್ ಕಾಪಿ ಕೊಡ್ರಿ. ಊರಾಗ ಮಂದಿಗೆ ತೋರ್ಸಾಕ ಬೇಕು."

ಸೊಟ್ಟ ಯಾವ ಕಡೆ?

ಅಂದಿನಿಂದ, ಕೇಳದೆ ಕೈ ಹಾಕಬಾರದೆಂದು ತೀರ್ಮಾನಿಸಿದೆ. ಕೇಳಿ ಕೈ ಹಾಕಿದರೂ ಪಾಡು ಅದೇ. ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯೊಡನೆ ಬಂದು, ಗೋಡೆಗೆ ಹಾಕಲು ತಮ್ಮದೊಂದು ದೊಡ್ಡ ಫೋಟೋ ತೆಗೆಸಿಕೊಂಡರು. ಪರದೆಯ ಮೇಲೆ ನೋಡಿ, "ಮುಖ ಸೊಟ್ಟ ಬಂದಿದೆ ಕಣ್ರೀ" ಅಂದರು.

"ಇಲ್ಲ ಸಾರ್, ಇರೋದೇ ಹಂಗೆ" ಎಂದು ಬಾಯಿ ಜಾರಿತು.

ನನ್ನ ಹೆಂಡತಿ ಏನನ್ನೋ ಹುಡುಕುವವಳಂತೆ ಕೌಂಟರಿನ ಕೆಳಗೆ ಬಗ್ಗಿದಳು. ನಾನು ನಾಚಿಕೆಯಿಂದ ತಡಬಡಾಯಿಸಿ, ಕನ್ನಡಿಯಲ್ಲಿ ಕಾಣುವ ಹಾಗೆ ಚಿತ್ರದ ಎಡ ಬಲ ಅದಲುಬದಲು ಮಾಡಿದೆ.

"ಹಾಂ! ಇದು ನಾನು" ಎಂದರು ಮೇಷ್ಟ್ರು.

"ಈಗ್ಲೇ ಸೊಟ್ಟ ಆಗಿದ್ದು. ಯಾರ್ರೀ ಇದು?" ಎಂದರು ಅವರ ಹೆಂಡತಿ.

ಮತ್ತೆ ತಿರುಗಿಸಿದೆ. ಆಕೆಯ ಮುಖ ಅರಳಿತು, ಮೇಷ್ಟ್ರ ಮುಖ ಗಂಟಾಯಿತು. ಇಬ್ಬರದೂ ತಪ್ಪಿಲ್ಲ. ಮೇಷ್ಟ್ರು ಜೀವನವಿಡೀ ತಮ್ಮ ಮುಖ ನೋಡಿದ್ದು ಕನ್ನಡಿಯಲ್ಲಿ. ಆಕೆ ನೋಡಿದ್ದು ಎದುರಿನಿಂದ. ಇದನ್ನು ವಿವರಿಸಿ, "ಯಾವುದನ್ನ ಪ್ರಿಂಟ್ ಹಾಕ್ಲಿ?" ಅಂದೆ.

"ನನಗೆ ಸರಿ ಕಾಣೋದನ್ನೇ ಹಾಕಿ" ಎಂದರು ಆಕೆ. "ಗೋಡೆ ನೋಡ್ಕೊಂಡು ಕೂರೋಳು ನಾನು. ಅವ್ರಿಗೆ ಅವ್ರನ್ನ ನೋಡ್ಬೇಕು ಅನ್ಸಿದ್ರೆ ಬಚ್ಚಲಲ್ಲಿ ಕನ್ನಡಿ ಇದೆ."

ಕೋಟು ಹಾಕಿದವರು

ಇದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಮ್ಮ ರಸ್ತೆಗೆ ಸೊಪ್ಪು ತರುವ ಬಾಗಲೂರಿನವರೊಬ್ಬರ ತಂದೆ ತೀರಿಕೊಂಡರು. ತಿಥಿಯ ದಿನ ಇಡಲು ಒಂಟಿ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ, ತಲೆಗೆ ಟವೆಲ್ ಸುತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತದ್ದೊಂದೇ ಇತ್ತು.

"ಅಪ್ಪ ಬದುಕಿದ್ದಾಗ ಒಂದ್ ಒಳ್ಳೆ ಬಟ್ಟೆ ಆಕ್ಕೊಳ್ಲಿಲ್ಲ ಅಣ್ಣ. ಒಂದ್ ಕೋಟು ಆಕ್ಬಿಡಿ. ಅವ್ವ ನೋಡಿ ಸಮಾಧಾನ ಮಾಡ್ಕೋಬೇಕು, ಅಂಗೆ ಮಾಡ್ಕೊಡಿ" ಎಂದರು ಮಗ.

ಅವರು ಕಣ್ಣೊರೆಸಿಕೊಂಡದ್ದು ನೋಡಿ ನನಗೆ ಎಲ್ಲಿಲ್ಲದ ಹುರುಪು ಬಂತು. ನೀಲಿ ಕೋಟು, ಟೈ. ಟವೆಲ್ ತೆಗೆದು ಕ್ರಾಪು. ಕಣ್ಣು ಅಗಲ ಮಾಡಿದೆ, ಕೆನ್ನೆ ತುಂಬಿದೆ, ಮೂಗಿನ ಪಕ್ಕದ ನರಹುಲಿಯನ್ನು ಅಳಿಸಿಹಾಕಿದೆ. ಮಗ ನೋಡಿ ಕೈ ಮುಗಿದು, ತಿಥಿ ಊಟಕ್ಕೂ ಕರೆದರು. ನಾನೂ ಹೆಂಡತಿಯೂ ಹೋದೆವು. ನಾಲ್ಕು ಜನ ಹೊಗಳಲಿ ಎಂಬ ಆಸೆಯೂ ನನಗಿತ್ತು.

ಹಾರ ಹಾಕಿದ ಫೋಟೋದ ಮುಂದೆ ತೀರಿಕೊಂಡವರ ಹೆಂಡತಿಯಾದ ಅಜ್ಜಿಯನ್ನು ಹಿಡಿದು ತಂದು ಕೈಗೆ ಹೂ ಕೊಟ್ಟರು. ಅಜ್ಜಿ ಫೋಟೋ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಇವ್ರ್ಯಾರ್ಲಾ?"

"ಅಪ್ಪ ಕಣವ್ವ."

"ನಿಮ್ಮಪ್ಪನ್ನ ನಾನ್ ಕಂಡಿಲ್ವೇನ್ಲಾ? ಬ್ಯಾರೆ ಗಂಡಸ್ಗೆ ನಾನ್ಯಾಕ್ಲಾ ಊವ ಆಕ್ಲಿ?"

ಇಡೀ ಶಾಮಿಯಾನ ನನ್ನ ಕಡೆ ತಿರುಗಿತು. ಅಜ್ಜಿ ಹೂ ಹಿಡಿದುಕೊಂಡೇ ಅಳತೊಡಗಿದರು. "ಒಂದ್ಸಲ ಮುಖ ನೋಡಾನ ಅಂದ್ರೆ ಅದ್ನೂ ಕಳದ್ಬುಟ್ರಲ್ಲಪ್ಪಾ." ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ನನ್ನ ಹೆಂಡತಿ ಎದ್ದಳು. ಹಳೆಯ ಫೋಟೋವನ್ನು ಅವಳೂ ನೋಡಿದ್ದಳು. ಅಜ್ಜನ ಟವೆಲ್ ಕೇಳಿ ತರಿಸಿ, ಕ್ರಾಪು ಮುಚ್ಚುವಂತೆ ಫ್ರೇಮಿನ ಮೇಲೆ ಹೊದಿಸಿದಳು. ಬ್ಯಾಗಿನಲ್ಲಿದ್ದ ಸ್ಟಿಕ್ಕರ್ ಪಾಕೀಟಿನಿಂದ ಒಂದು ಕಪ್ಪು ಬೊಟ್ಟು ಕಿತ್ತು, ಗಾಜಿನ ಮೇಲೆ, ಸರಿಯಾಗಿ ಮೂಗಿನ ಪಕ್ಕಕ್ಕೆ ಅಂಟಿಸಿದಳು.

ಅಜ್ಜಿ ಕಣ್ಣೊರೆಸಿಕೊಂಡು ನೋಡಿದರು. ಹತ್ತಿರ ಹೋದರು.

"ಈಗ್ ಬಂದ್ರಾ? ಇಷ್ಟೊತ್ತು ಕೋಟು ಆಕ್ಕೊಂಡು ಎಲ್ಲೋಗಿದ್ರಿ?" ಎಂದು ಗದರಿ, ಹೂ ಹಾಕಿದರು.

ನಾನು ಮೆಲ್ಲಗೆ ಹೋಗಿ, ಬೇರೆ ಫೋಟೋ ಮಾಡಿಕೊಡುತ್ತೇನೆ, ಇದನ್ನು ಕೊಡಿ ಎಂದೆ. ಮಗ ಒಪ್ಪಿದರು. ಅಜ್ಜಿ ಫ್ರೇಮನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಬ್ಯಾಡ ಕಣಪ್ಪ. ನಿನ್ ಕೈಗೆ ಕೊಟ್ರೆ ಇವ್ರನ್ನ ಮತ್ತೆ ಕಳದಾಕ್ತೀಯ."